ಲಕ್ಕಮ್ಮನ ತಾಯಿಯ ಕಣ್ಣು

ಕೆಲಸ ಬಲ್ಲವನಿಗೆ ಬುದ್ಧಿ ಹೇಳುವುದು ಕಷ್ಟ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಕೈಯೊಂದನ್ನೇ ನಂಬಿ ಮೇಲೆ ಬಂದವನಿಗೆ ಹೇಳುವುದು ಇನ್ನೂ ಕಷ್ಟ. ನಾನು ಎರಡೂ ಹೌದು. ಶಿರಾದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಹಳೆಯ ಕಪ್ಪು-ಬಿಳುಪು ಫೋಟೋಗಳನ್ನು ಗೆರೆಚಿತ್ರ ಮಾಡಿಕೊಡುತ್ತೇನೆ. ಈಗ ಮೊಬೈಲು ಒಂದೇ ಒತ್ತಿಗೆ ಮಾಡುತ್ತದಂತೆ, ಮಾಡಲಿ. ನಾನು ಫೋಟೋದ ಮೇಲೆಯೇ ಅಳಿಯದ ಕಪ್ಪು ಶಾಯಿಯಲ್ಲಿ ಗೆರೆ ಎಳೆದು, ಆಮೇಲೆ ಅದನ್ನು ಔಷಧಿಯ ನೀರಿನಲ್ಲಿ ಮುಳುಗಿಸುತ್ತೇನೆ. ಫೋಟೋ ಕರಗಿಹೋಗುತ್ತದೆ, ಬಿಳಿ ಕಾಗದದ ಮೇಲೆ ನನ್ನ ಗೆರೆ ಮಾತ್ರ ನಿಲ್ಲುತ್ತದೆ. ಗೆರೆ ಬೀಳದ್ದೆಲ್ಲ ಫೋಟೋದ ಜೊತೆಗೇ ಹೋಗುತ್ತದೆ. ಈ ಮಾತನ್ನು ಬಂದವರಿಗೆಲ್ಲ ಹೇಳುತ್ತೇನೆ. ನನಗೆ ಹೇಳುವವರು ಯಾರು?

ಹೋದ ಶ್ರಾವಣದಲ್ಲಿ ತಾವರೆಕೆರೆಯ ಲಕ್ಕಮ್ಮ ತೀರಿಹೋದ ತಾಯಿಯ ಫೋಟೋ ತಂದರು. ಇದ್ದದ್ದು ಅದೊಂದೇ, ಅದಕ್ಕೂ ಬೂಷ್ಟು ಹಿಡಿದಿತ್ತು. "ಮುಖ ಒಂದು ಉಳಿಸ್ಕೊಡಣ್ಣ, ಇಲ್ದಿದ್ರೆ ಇದೂ ಹೋಗ್ಬುಡ್ತದೆ" ಎಂದರು. ಅವರು ಹೋದ ಮೇಲೆ ನನ್ನ ಹೆಂಡತಿ ಪುಟ್ಟಮ್ಮ, "ಮೊದ್ಲು ಮೊಬೈಲಲ್ಲಿ ಇದ್ರದ್ದೊಂದು ಫೋಟೋ ಹಿಡ್ಕೊಳ್ರಿ" ಎಂದಳು. "ಲೇ, ಮೂವತ್ತು ವರ್ಷದಿಂದ ಈ ಕೆಲ್ಸ ಮಾಡ್ತಿರೋನು ನಾನೋ ನೀನೋ?" ಎಂದೆ.

ಎರಡು ದಿನ ಕೂತು ಬರೆದೆ. ಸೆರಗಿನ ಅಂಚು, ಮೂಗುಬೊಟ್ಟು, ಗಲ್ಲದ ಸುಕ್ಕು, ಎಲ್ಲ ಬಂತು, ಕಣ್ಣೊಂದು ಬಾಕಿ. ದೇವರ ಮೂರ್ತಿಗಳಿಗೆ ಬಣ್ಣ ಹಾಕುತ್ತಿದ್ದ ನಮ್ಮಪ್ಪ ಕಲಿಸಿದ ಪದ್ಧತಿ ಅದು: ಕಣ್ಣು ಕೊನೆಗೆ, ಅದೂ ಒಳ್ಳೆಯ ಹೊತ್ತು ನೋಡಿ. ನೋಡಿದರೆ ರಾಹುಕಾಲ. ಸುಮ್ಮನೆ ಕೂರುವುದೇಕೆ ಎಂದು ಔಷಧಿ ಕಲಸಿದೆ. ಕಲಸಿದ ಮೇಲೆ ಮುಳುಗಿಸಿ ಅಭ್ಯಾಸವಾದ ಕೈ, ನನ್ನನ್ನು ಕೇಳದೆ ಫೋಟೋವನ್ನು ಮುಳುಗಿಸಿಬಿಟ್ಟಿತು. ರಾಹುಕಾಲ ಕಳೆಯುವ ಹೊತ್ತಿಗೆ ಮುದುಕಿಯ ಕಣ್ಣೂ ಕಳೆದಿತ್ತು.

ಪುಟ್ಟಮ್ಮ ಬಂದು ಔಷಧಿಯ ತಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮರುದಿನ ಕಾಗದ ಒಣಗಿದರೂ ಆ ನೋಟ ಆರಿರಲಿಲ್ಲ. ನನಗೆ ದಾರಿ ಹೊಳೆಯಿತು. "ಅಂಗೇ ಇರು, ಅಲ್ಲಾಡ್ಬೇಡ" ಎಂದು ಪೆನ್ನು ತೆಗೆದೆ. "ಈಗ ನನ್ ಕಣ್ಣೂ ಕಳೀಬೇಕಾ?" ಎಂದಳು, ಆದರೆ ಕೂತಳು.

ಲಕ್ಕಮ್ಮ ಬಂದು ಚಿತ್ರ ಹಿಡಿದವರೇ ಅತ್ತುಬಿಟ್ಟರು. "ನಮ್ಮವ್ವನೇ ಕಣಣ್ಣ! ನಮ್ಮಪ್ಪ ಏನಾರ ಕೆಡಿಸ್ಕೊಂಡು ಬಂದಾಗ ಇಂಗೇ ನೋಡೋಳು."

ಸುಮ್ಮನಿರಬಹುದಿತ್ತು. ಆದರೆ ನನಗೆ ಸಲ್ಲದ ಹೊಗಳಿಕೆ ಜೀರ್ಣವಾಗುವುದಿಲ್ಲ. "ಕಣ್ಣು ನಿಮ್ಮವ್ವಂದಲ್ಲ ಕಣಮ್ಮ. ಬರೆಯೋಕೆ ಮುಂಚೇನೇ ಕರಗಿಸ್ಬುಟ್ಟೆ, ತಪ್ಪು ನಂದೇ. ಇದು ನಮ್ಮನೆಯವ್ಳ ಕಣ್ಣು" ಎಂದೆ.

ಲಕ್ಕಮ್ಮ ಅಳು ನಿಲ್ಲಿಸಿದರು. ಚಿತ್ರ ನೋಡಿದರು, ನನ್ನ ಪಕ್ಕ ನಿಂತಿದ್ದ ಪುಟ್ಟಮ್ಮನನ್ನು ನೋಡಿದರು.

"ಮದ್ವೆಯಾಗಿ ಎಷ್ಟು ವರ್ಷ ಆಯ್ತಕ್ಕ?"

"ಇಪ್ಪತ್ತೆಂಟು ಕಣಮ್ಮ."

"ಅದಕ್ಕೇ ಮತ್ತೆ. ನಮ್ಮವ್ವಂಗೂ ಅಷ್ಟೊತ್ತಿಗೆ ಇಂಗೇ ಆಗಿತ್ತು. ಇರ್ಲಿ ಬುಡಣ್ಣ, ಇದ್ನೇ ಒಯ್ತೀನಿ."

ನಾನು ಉಸಿರು ಬಿಟ್ಟೆ. ಆದರೆ ಲಕ್ಕಮ್ಮ ಹೊರಡಲಿಲ್ಲ. ಚಿತ್ರವನ್ನು ಗೋಡೆಗೆ ಒರಗಿಸಿ, ಪುಟ್ಟಮ್ಮನ ಜೊತೆ ಟೀ ಕುಡಿಯುತ್ತಾ ಗಂಡಸರ ಬುದ್ಧಿವಂತಿಕೆಯ ವಿಚಾರ ಮಾತಾಡಲು ಕೂತರು. ನಡುನಡುವೆ ಇಬ್ಬರೂ ತಿರುಗಿ ನನ್ನನ್ನು ನೋಡುತ್ತಿದ್ದರು. ಆ ಎರಡು ಜೊತೆ ಕಣ್ಣು ಸಾಲದೆಂಬಂತೆ ಗೋಡೆಯ ಕಡೆಯಿಂದಲೂ ಒಂದು ಜೊತೆ. ಅದನ್ನಂತೂ ನಾನೇ ಕೈಯಾರೆ ಬರೆದಿದ್ದೆ.