ಮಂಗಳಕ್ಕೆ ಇಪ್ಪತ್ತು ನಿಮಿಷ

ನಮ್ಮ ಸೋದರಮಾವನ ಕಾಲು ಭದ್ರಾವತಿ ಬಿಟ್ಟು ಆಚೆ ಹೋದದ್ದು ಕಡಿಮೆ. ತಲೆ ಮಾತ್ರ ಮಂಗಳ ಗ್ರಹದಿಂದ ಇಳಿದದ್ದೇ ಇಲ್ಲ! ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅದಿರಿನ ಕೆಂಪು ಧೂಳು ಕುಡಿದವರಿಗೆ ಅಲ್ಲಿನ ನೆಲದ ಫೋಟೋ ನೋಡಿದರೆ ಸ್ವಂತ ಅಂಗಳ ಕಂಡಷ್ಟು ಸಂತೋಷ.

"ಜೀವ ಇದೆ ಮಾರಾಯ, ಕಲ್ಲಿನ ಅಡಿ ಎಲ್ಲೋ ಇದೆ. ಹುಡುಕೋರಿಗೆ ತಾಳ್ಮೆ ಬೇಕು."

"ಅಡುಗೆಮನೇಲಿ ಒಂದು ಜೀವ ಒದ್ದಾಡ್ತಿದೆ, ಮೊದಲು ಅದನ್ನ ಹುಡುಕಿ," ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಿದ್ದರು.

ಸೋಲಾರ್ ತಟ್ಟೆಯ ಮೇಲೆ ಧೂಳು ಕೂತು ಮಂಗಳದ ಮೇಲಿನ ಯಂತ್ರವೊಂದು ಸುಮ್ಮನಾದ ದಿನ ಮಾವ ಊಟ ಬಿಟ್ಟರು. "ಇಷ್ಟೆಲ್ಲಾ ಮಾಡಿದೋರು ಒಂದು ಪೊರಕೆ ಕಟ್ಟಿ ಕಳಿಸೋದಲ್ವಾ?"

"ನಿಮ್ಮ ಸ್ಕೂಟರ್ ಮೇಲೂ ಅಷ್ಟೇ ಧೂಳಿದೆ. ಅಲ್ಲೇನಾದ್ರೂ ಜೀವ ಹುಟ್ಟಿದೆಯಾ ನೋಡಿ," ಎಂದರು ಅತ್ತೆ.

ಆ ಯಂತ್ರವನ್ನು ವಿಜ್ಞಾನಿಗಳು ತಿಂಗಳುಗಟ್ಟಲೆ ಕರೆದರಂತೆ. ಮಾತು ಅಲ್ಲಿಗೆ ಹೋಗಿ ಬರಲು ಸುಮಾರು ಇಪ್ಪತ್ತು ನಿಮಿಷವಂತೆ. ಮಾವನಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ ಭೂಮಿಯ ಮೇಲೂ ಜಾರಿಗೆ ತಂದರು. ಯಾರನ್ನಾದರೂ ಒಂದು ಸಲ ಕೇಳುವುದು, ಗಡಿಯಾರ ನೋಡುವುದು, ಕಾಯುವುದು. ಸ್ಕೂಟರ್ ಮೆಕ್ಯಾನಿಕ್ ರಹಮತ್ ನನ್ನ ಬಳಿ ಅಳಲು ತೋಡಿಕೊಂಡ: "ಬೈದ್ರೆ ಪರವಾಗಿಲ್ಲ ಸಾರ್. ಇವರು ಯಾವಾಗ ಆಗುತ್ತೆ ಅಂತ ಕೇಳ್ಬಿಟ್ಟು ಸುಮ್ನೆ ವಾಚ್ ನೋಡ್ತಾರೆ. ಹಾಕಿದ ನಟ್ಟನ್ನೇ ಮತ್ತೆ ಬಿಚ್ತೀನಿ."

ಆಮೇಲೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಅಂಥ ಬಾಯಿ ಬಿದ್ದುಹೋಯಿತು. ಇನ್ನು ಮಾತು ಬರುವುದು ಕಷ್ಟ ಎಂದರು ಶಿವಮೊಗ್ಗದ ಡಾಕ್ಟರು. ಮಾವ ಮಂಚದ ಪಕ್ಕ ಕುರ್ಚಿ ಹಾಕಿಕೊಂಡರು. "ಕಾಫಿ ಕುಡೀತೀಯಾ?" ಎಂದು ಕೇಳಿ ಗಡಿಯಾರ ನೋಡುವರು. ಕಾಫಿ ಕೆನೆಗಟ್ಟುತ್ತಿತ್ತು.

"ಮಾವ, ಅತ್ತೆ ಇರೋದು ಭದ್ರಾವತೀಲಿ, ಮಂಗಳದಲ್ಲಲ್ಲ," ಎಂದೆ ನಾನು.

"ಎಲ್ಲಿದಾಳೋ ಯಾರಿಗೆ ಗೊತ್ತು? ದೂರ ಹೋಗಿದಾಳೆ, ಅಷ್ಟೆ. ಉತ್ತರ ಬರೋ ಹೊತ್ತಿಗೆ ನಾನು ಎದ್ದು ಹೋಗಿರಬಾರದು."

ಒಂದು ಮಧ್ಯಾಹ್ನ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಮಾವನ ಫೋನು ಬಂತು. ಹದಿನೆಂಟನೇ ನಿಮಿಷಕ್ಕೆ ಅತ್ತೆಯ ಎಡಗೈ ಬೆರಳು ಅಲ್ಲಾಡಿತಂತೆ. ನನ್ನ ನಾಲಿಗೆಗೆ ಬುದ್ಧಿ ಎಲ್ಲಿತ್ತು? "ನೊಣ ಕೂತಿರಬೇಕು ಬಿಡಿ ಮಾವ," ಎಂದು ನಕ್ಕೆ. ಅವರು ಫೋನಿಟ್ಟರು. ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ.

ಎರಡು ವಾರಕ್ಕೆ ಅತ್ತೆ ಹೋದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆತುಂಬ ವಿಭೂತಿ ಧರಿಸಿ ಅತ್ತೆ ಗೋಡೆಗೊರಗಿ ಕೂತಿದ್ದರು. ಎತ್ತುವ ಹೊತ್ತಾಯಿತು. ಮಾವ ಬಗ್ಗಿ ಕೇಳಿದರು: "ಹೊರಡೋಣ್ವಾ?"

ನಾವು ಕೈ ಹಾಕಲು ಹೋದೆವು. ಮಾವ ತಡೆದು ಗಡಿಯಾರ ನೋಡಿದರು. "ಈಗ ತಾನೇ ಕೇಳಿದೀನಿ ಮಾರಾಯ."

ಜನ ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ರಹಮತ್ ಮೆಲ್ಲಗೆ ಹೇಳಿದ: "ಇಪ್ಪತ್ತು ನಿಮಿಷ ಬಿಡಿ ಸಾರ್."

ಎಲ್ಲರೂ ಹಿಂದೆ ಸರಿದು ಕಾದೆವು. ನಾನು ಅತ್ತೆಯ ಎಡಗೈ ಬೆರಳನ್ನೇ ನೋಡುತ್ತ ನಿಂತಿದ್ದೆ. ಒಂದು ನೊಣ ಬಂದು ಕೂತಿದ್ದರೂ ಸಾಕಿತ್ತು ನನಗೆ.