ಪಾಲಿದ್ದವರು ಸಹಿ ಹಾಕುವಂತಿಲ್ಲ

ಬೇಕಾಗಿದ್ದದ್ದು ಇಬ್ಬರು ಸಾಕ್ಷಿಗಳು. ಬೀದಿ ತುಂಬ ಜನ ಇರುವಾಗ ಇದೇನು ಮಹಾ ಕೆಲಸ ಎಂದುಕೊಂಡು ತಕ್ಕಡಿ ಸಾಹೇಬರು ಬೆಳಿಗ್ಗೆ ಒಂಬತ್ತಕ್ಕೇ ಚಪ್ಪಲಿ ಮೆಟ್ಟಿದರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಹದಿನೇಳು ವರ್ಷವಾದರೂ ತಪಾಸಣೆ ಮಾತ್ರ ನಿಂತಿರಲಿಲ್ಲ. ಕ್ಷೌರಕ್ಕೆ ಕೂತರೆ ಎರಡೂ ಕಡೆಯ ಮೀಸೆ ಸಮ ಇದೆಯೇ ಎಂದು ಜೇಬಿನಿಂದ ಸ್ಕೇಲ್ ತೆಗೆಯುವರು. ಹೊಲಿಯಲು ಬಟ್ಟೆ ಕೊಟ್ಟರೆ ಮೊದಲು ದರ್ಜಿಯ ಟೇಪನ್ನೇ ಅಳೆಯುವರು.

ಅವರ ಹೆಂಡತಿ ಕೋರ್ಟಿನಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದಾಕೆ. ಬೀದಿಯಲ್ಲಿ ಯಾರ ಮನೆಗೆ ಯಾವ ನೋಟೀಸು ಬಂದರೂ ಓದಿ, ಅರ್ಥ ಹೇಳಿ, ಉತ್ತರ ಬರೆದುಕೊಡುತ್ತಿದ್ದವರು ಟೈಪಿಸ್ಟಮ್ಮನೇ. ವಿಧವೆಯರಿಗೆ ಪಿಂಚಣಿ ಮಾಡಿಸಿದ್ದರು, ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಮಕ್ಕಳಿಲ್ಲದ ಆ ಮನೆಗೆ ಇಡೀ ಬೀದಿಯೇ ನೆಂಟರು. ಅಂಥ ಹೆಂಗಸು ತನಗೆ ಸಿಕ್ಕಿದ್ದು ಪುಣ್ಯ ಎಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಆಕೆಗೆ ಹೃದಯದ ಆಪರೇಷನ್. ಸಂಜೆ ಆರಕ್ಕೆ ಆಸ್ಪತ್ರೆ ಸೇರಬೇಕು. ಆದರೆ ಆಕೆ ಹಠ ಹಿಡಿದು ಕೂತಿದ್ದರು.

"ಉಯಿಲಿಗೆ ಸಹಿ ಬೀಳದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ನಾಲ್ಕಕ್ಕೆ ಲಾಯರಮ್ಮ ಬರ್ತಾಳೆ. ಅಷ್ಟರಲ್ಲಿ ಇಬ್ಬರು ಸಾಕ್ಷಿ ಹುಡುಕಿ. ಒಂದು ನೆನಪಿರಲಿ, ಉಯಿಲಿನಲ್ಲಿ ಪಾಲು ಇರೋರು ಸಹಿ ಹಾಕೋ ಹಾಗಿಲ್ಲ. ಹಾಕಿದರೋ, ಅವರ ಪಾಲು ಹೋಯ್ತು ಅಂತಲೇ ಲೆಕ್ಕ."

"ಯಾರ್ಯಾರಿಗೆ ಪಾಲಿದೆ ಅಂತ ಹೇಳೇ. ಅವರನ್ನ ಬಿಟ್ಟು ಉಳಿದವರನ್ನ ಕರೀತೀನಿ."

"ನಿಮಗೆ ಹೇಳೋದೂ ಒಂದೇ, ಮೈಕಿನಲ್ಲಿ ಕೂಗೋದೂ ಒಂದೇ. ನೀವು ಕರ್ಕೊಂಡು ಬನ್ನಿ. ಆಗುತ್ತೋ ಇಲ್ವೋ ನಾನು ಹೇಳ್ತೀನಿ."

ಸಾಹೇಬರು ಮೊದಲು ಹಿಡಿದು ತಂದದ್ದು ಕ್ಷೌರದಂಗಡಿಯವನನ್ನು. ಅವನು ಗಿರಾಕಿಯೊಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದಿದ್ದ. ಟೈಪಿಸ್ಟಮ್ಮ ಕನ್ನಡಕದ ಮೇಲಿಂದ ನೋಡಿ, "ನೀನು ಆಗಲ್ಲಪ್ಪ, ಹೋಗಿ ಬಾ" ಎಂದರು.

ಅವನ ಮುಖ ಮೊದಲು ಬಾಡಿತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಸಾಹೇಬರನ್ನು ಕೇಳಿದ: "ಯಾಕೆ ಸಾರ್, ನನ್ನ ಸಹಿ ಸರಿ ಇಲ್ವಾ?"

ಸಾಹೇಬರ ಬಾಯಲ್ಲಿ ಗುಟ್ಟು ಎಲ್ಲಿ ನಿಂತೀತು? "ಹಾಗಲ್ಲಯ್ಯ, ಪಾಲು ಇರೋರು ಸಾಕ್ಷಿ ಹಾಕೋ ಹಾಗಿಲ್ಲ" ಎಂದುಬಿಟ್ಟರು. ಅವನು ಹಾಲು ಕುಡಿದವನಂತೆ ನಗುತ್ತ ಅಂಗಡಿಗೆ ಹೋದ. ಅರ್ಧ ಗಡ್ಡದ ಗಿರಾಕಿಗೆ ಉಳಿದರ್ಧವನ್ನು ಪುಕ್ಕಟೆ ಬೋಳಿಸಿದ.

ದರ್ಜಿಯಮ್ಮನಿಗೂ ಅದೇ ಉತ್ತರ ಸಿಕ್ಕಿತು. ಮಹಡಿ ಮನೆಯ ನಿವೃತ್ತ ಟೀಚರಿಗೂ ಅದೇ. ಹತ್ತೂವರೆ ಹೊತ್ತಿಗೆ ಬೀದಿಗೆಲ್ಲ ಡಂಗುರವಾಗಿತ್ತು: ಟೈಪಿಸ್ಟಮ್ಮ ಬೇಡ ಎಂದರೆ ಆಸ್ತಿ ಬಂತು ಎಂದರ್ಥ!

ಮತ್ತೆ ಕೇಳಬೇಕೆ? ಬೇಡ ಅನ್ನಿಸಿಕೊಳ್ಳಲು ಜನ ಸಾಲುಗಟ್ಟಿದರು. ಸೈಕಲ್ ಅಂಗಡಿಯವನು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳದೆ ಬಂದ. ವರ್ಷದಿಂದ ಮಾತು ಬಿಟ್ಟಿದ್ದ ಎದುರುಮನೆಯವರು, "ಏನಮ್ಮಾ, ಸಾಕ್ಷಿ ಬೇಕಂತೆ, ನಾವಿಲ್ವಾ?" ಎನ್ನುತ್ತ ಹೂಕುಂಡದ ಸಮೇತ ಬಂದರು.

ತೊಂದರೆ ಶುರುವಾದದ್ದು ಔಷಧಿ ಅಂಗಡಿಯವರು ಬಂದಾಗ. ಟೈಪಿಸ್ಟಮ್ಮ ಮುಖವರಳಿಸಿ, "ಸದ್ಯ! ನೀವು ಹಾಕಬಹುದು. ನಾಲ್ಕಕ್ಕೆ ಬನ್ನಿ" ಎಂದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಅಂದ್ರೆ... ನನಗೇನೂ ಇಲ್ವಾ? ಇಪ್ಪತ್ತು ವರ್ಷದಿಂದ ನಿಮ್ಮ ಬಿಪಿ ಮಾತ್ರೆ ಕೊಟ್ಟವನು ನಾನು!"

"ದುಡ್ಡು ತಗೊಂಡೇ ಕೊಟ್ಟಿದ್ದಲ್ವಾ?" ಎಂದು ಪಕ್ಕದಿಂದ ಸಾಹೇಬರು ನ್ಯಾಯ ತೂಗಿದರು. ಔಷಧಿ ಅಂಗಡಿಯವರು ದಡಬಡ ಎದ್ದು, "ನನಗೆ ನಾಲ್ಕಕ್ಕೆ ಬೇರೆ ಕೆಲಸ ಇದೆ" ಎಂದು ಹೊರಟೇಹೋದರು. ಆಮೇಲೆ ಆಗಬಹುದು ಅನ್ನಿಸಿಕೊಂಡ ಮತ್ತಿಬ್ಬರೂ ಹಾಗೇ ಹೊರಟರು. ಪಾಲಿದ್ದವರು ಸಹಿ ಹಾಕುವಂತಿಲ್ಲ, ಪಾಲಿಲ್ಲದವರು ಸಹಿ ಹಾಕಲೊಲ್ಲರು.

ಮೂರೂಮುಕ್ಕಾಲಿಗೆ ಲಾಯರಮ್ಮ ಫೈಲು ಹಿಡಿದು ಬಂದಳು. ಆಕೆಗೆ ಮೊದಲ ಅರ್ಜಿ ಬರೆಯಲು ಕಲಿಸಿದ್ದೇ ಟೈಪಿಸ್ಟಮ್ಮ. ನಡುಮನೆಯ ತುಂಬ ಜನ, ಕಿಟಕಿಯಲ್ಲೂ ತಲೆಗಳು. ಸಾಕ್ಷಿ ಮಾತ್ರ ಒಬ್ಬರಿಲ್ಲ. ಟೈಪಿಸ್ಟಮ್ಮ ತಮ್ಮ ಸಹಿಗೆ ಪೆನ್ನು ತೆರೆದಿಟ್ಟುಕೊಂಡು ಕಾಯುತ್ತಿದ್ದರು. ನಾಲ್ಕಾಯಿತು. ಐದಕ್ಕೆ ಕಾಲು ಗಂಟೆ ಉಳಿಯಿತು.

ಸಾಹೇಬರು ಮತ್ತೆ ಮತ್ತೆ ಗಡಿಯಾರ ನೋಡಿದರು. ಆರು ಗಂಟೆ ತಪ್ಪಿದರೆ ಆಪರೇಷನ್ ತಪ್ಪುತ್ತದೆ. ಆಪರೇಷನ್ ತಪ್ಪಿದರೆ? ಮುಂದಿನದನ್ನು ಯೋಚಿಸುವ ಧೈರ್ಯ ಅವರಿಗಿರಲಿಲ್ಲ.

"ಆಸ್ತಿ ಮನೆ ಹಾಳಾಗ! ನಾನೇ ಹಾಕ್ತೀನಿ ಸಾಕ್ಷಿ, ನನ್ನ ಪಾಲು ಹೋದರೆ ಹೋಗಲಿ. ನೀನು ಆಸ್ಪತ್ರೆಗೆ ನಡಿ!" ಎಂದು ಗುಡುಗಿದರು.

ಟೈಪಿಸ್ಟಮ್ಮ ತಣ್ಣಗೆ ಹೇಳಿದರು: "ಹಾಕಿ. ನಿಮ್ಮ ಪಾಲು ಅಂತ ಏನೂ ಇಲ್ಲ."

ಸಾಹೇಬರು ಗೋಡೆಗೆ ಕೈಯೂರಿ ನಿಂತರು. ಊರವರಿಗೆಲ್ಲ ಇದೆ, ಕಟ್ಟಿಕೊಂಡ ಗಂಡನಿಗೆ ಇಲ್ಲ! ಅವರ ಕಣ್ಣು ತುಂಬಿದ್ದನ್ನು ಕಂಡು ಟೈಪಿಸ್ಟಮ್ಮನ ಹಠ ಸಡಿಲಿತು.

"ಓದಿಬಿಡಮ್ಮ" ಎಂದರು ಲಾಯರಮ್ಮನಿಗೆ. "ಈ ಮುಖ ನೋಡ್ಕೊಂಡು ನಾನು ಆಪರೇಷನ್‌ಗೆ ಹೋಗೋಕಾಗಲ್ಲ."

ಲಾಯರಮ್ಮ ಗಂಟಲು ಸರಿಮಾಡಿಕೊಂಡಳು. "ಮನೆ ಮೊದಲಿನಿಂದಲೂ ಯಜಮಾನರ ಹೆಸರಲ್ಲೇ ಇದೆ, ಅದನ್ನ ಬರೆಯೋ ಅಗತ್ಯ ಇಲ್ಲ. ಇನ್ನು ಅಮ್ಮನವರ ಸ್ವಂತದ್ದು, ಅವರ ಮಾತಲ್ಲೇ ಓದ್ತೀನಿ: ನನ್ನ ನಂತರ, ಒಳ್ಳೆಯ ತೇಗದ ಕುರ್ಚಿ ಎರಡು, ಕ್ಷೌರದಂಗಡಿಯವನಿಗೆ. ಷರತ್ತು: ಪ್ರತಿ ಸೋಮವಾರ ನನ್ನ ಗಂಡನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡಿಯಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದನ್ನೆಲ್ಲ ಕೇಳಬೇಕು. ಹೊಲಿಗೆ ಮಿಷನ್ನು ದರ್ಜಿಯಮ್ಮನಿಗೆ. ಷರತ್ತು: ಮಂಗಳವಾರ. ಪುಸ್ತಕದ ಬೀರು ಟೀಚರಿಗೆ. ಬುಧವಾರ, ಊಟ ಸಹಿತ. ಗಾಳಿ ಹೊಡೆಯುವ ಪಂಪು ಸೈಕಲ್ ಅಂಗಡಿಯವನಿಗೆ. ಗುರುವಾರ..."

ಹೀಗೇ ಭಾನುವಾರದವರೆಗೆ ಹೋಯಿತು. ನಲವತ್ತಾರು ವರ್ಷ ಒಬ್ಬ ಮನುಷ್ಯನನ್ನು ಸಂಭಾಳಿಸಿದ ಹೆಂಗಸು, ಹೃದಯ ಕೈಕೊಡುತ್ತಿರುವ ಹೊತ್ತಿನಲ್ಲೂ ಗಂಡ ಒಂದು ದಿನವೂ ಒಂಟಿಯಾಗಿ ಉಣ್ಣಬಾರದೆಂದು ವಾರಕ್ಕೆ ವಾರವನ್ನೇ ಹಂಚಿಟ್ಟಿದ್ದರು. ಯಾವ ವಕೀಲರ ತಲೆಗೂ ಹೊಳೆಯದ ಉಯಿಲು ಅದು. ಸಾಹೇಬರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು.

ಮೊದಲು ಎಚ್ಚೆತ್ತವನು ಕ್ಷೌರದಂಗಡಿಯವನು. ಇಡೀ ಸೋಮವಾರ ಆ ಸ್ಕೇಲು ತನ್ನ ಅಂಗಡಿಯಲ್ಲಿ ಕೂತಿರುವುದನ್ನು ಅವನು ಮನಸ್ಸಿನಲ್ಲೇ ಕಂಡಿರಬೇಕು.

"ಅಮ್ಮಾ, ಪಾಲು ಇರೋರು ಸಹಿ ಹಾಕಿದ್ರೆ ಪಾಲು ಹೋಗುತ್ತೆ ಅಂದ್ರಲ್ಲ?"

"ಹೂಂ, ಹೋಗುತ್ತೆ."

"ಅದರ ಜೊತೆ ಷರತ್ತೂ?"

"ಪಾಲೇ ಇಲ್ಲ ಅಂದ ಮೇಲೆ ಷರತ್ತು ಎಲ್ಲಿಂದ ಬರುತ್ತೆ?"

"ಹಾಗಾದ್ರೆ ಬೇಗ ನಿಮ್ಮ ಸಹಿ ಹಾಕಿ. ಪಾಪ, ಆಸ್ಪತ್ರೆಗೆ ತಡ ಆಗುತ್ತೆ. ಆಸ್ತಿ ಯಾರಿಗೆ ಬೇಕು? ನಿಮ್ಮ ಆರೋಗ್ಯ ಮುಖ್ಯ!"

ಟೈಪಿಸ್ಟಮ್ಮ ಸಹಿ ಹಾಕಿದ್ದೇ ತಡ, ಅವನು ಪೆನ್ನು ಕಿತ್ತುಕೊಂಡ. ಅವನ ಕೈಯಿಂದ ದರ್ಜಿಯಮ್ಮ, ಅವಳ ಕೈಯಿಂದ ಟೀಚರು. "ಎರಡು ಸಾಕು, ಎರಡೇ ಸಾಕು!" ಎಂದು ಲಾಯರಮ್ಮ ಕಿರುಚುತ್ತಿದ್ದಳು. ಯಾರು ಕೇಳಬೇಕು? ಗುರುವಾರದವನು ಗ್ರೀಸಿನ ಬೆರಳೊತ್ತಿ ಸಹಿ ಮಾಡಿದ. ಶುಕ್ರವಾರ, ಶನಿವಾರದವರೂ ಬಿಡಲಿಲ್ಲ. ಭಾನುವಾರದ ಎದುರುಮನೆಯವರು ಅಂಚಿನಲ್ಲಿ ಜಾಗ ಹುಡುಕಿ ಹಾಕಿದರು. ಸುದ್ದಿ ತಿಳಿದು ಓಡಿಬಂದ ಔಷಧಿ ಅಂಗಡಿಯವರೂ, ಯಾವುದಕ್ಕೂ ಇರಲಿ ಎಂದು ಒಂದು ಸಹಿ ಬಿಟ್ಟುಹೋದರು. ಐದು ನಿಮಿಷದಲ್ಲಿ ಮನೆ ಖಾಲಿಯಾಯಿತು.

ಲಾಯರಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಉಯಿಲು ಪಕ್ಕಾ ಸಿಂಧು ಅಮ್ಮಾ. ಆದರೆ ಇದರಲ್ಲಿ ಯಾರಿಗೂ ಏನೂ ಇಲ್ಲ."

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಸಾಹೇಬರು ಚೀಲ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. ದಿನವಿಡೀ ಅಲೆದದ್ದಕ್ಕೆ ಸಿಕ್ಕಿದ ಫಲ ಅವರಿಗೆ ಈಗ ಪೂರ್ತಿ ಅರ್ಥವಾಗಿತ್ತು.

"ಅಲ್ವೇ, ಇಡೀ ಬೀದೀಲಿ ಒಬ್ಬರಿಗೂ ನಾನು ಬೇಡವಾದೆನಲ್ಲೇ?"

"ನನಗೆ ಮೊದಲೇ ಅನುಮಾನ ಇತ್ತು" ಎಂದು ಟೈಪಿಸ್ಟಮ್ಮ ಅವರ ಭುಜ ಹಿಡಿದು ಎದ್ದು ನಿಂತರು. "ಇನ್ನೇನು ಮಾಡೋದು? ಡಾಕ್ಟರಿಗೆ ಹೇಳಿಬಿಡ್ತೀನಿ, ಅವರು ಏನಾದರೂ ಮಾಡಲಿ, ನಾನು ವಾಪಸ್ ಬರಲೇಬೇಕು ಅಂತ. ಈ ಆಸ್ತೀನ ತಗೊಳ್ಳೋರು ಯಾರೂ ಇಲ್ಲ."