ಹರಕೆ ಅವ್ವನದು, ಸಮುದ್ರ ನನ್ನದು

ಸಮುದ್ರವಿಲ್ಲದ ಊರಿನಲ್ಲಿ ಮನೆ ಮಾಡಿಕೊಂಡು, ಸಣ್ಣ ದೋಣಿಯಲ್ಲಿ ಒಬ್ಬನೇ ಸಮುದ್ರಕ್ಕೆ ಮೀನು ಹಿಡಿಯಲು ಹೋಗುವವನಿಗೆ ನಗೆಪಾಟಲಾಗಲು ಬೇರೆ ಪ್ರಯತ್ನವೇನೂ ಬೇಕಾಗುವುದಿಲ್ಲ. ಅದು ನಿತ್ಯದ ಪೂಜೆಯಷ್ಟೇ ನಿಯಮದಿಂದ ತಾನಾಗಿಯೇ ನಡೆದುಕೊಂಡು ಹೋಗುತ್ತದೆ.

ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತನಾಗಿದ್ದ ಕಾಲದ ಮಾತು. ಆಗ ಹೈದರಾಬಾದಿನ ಕೊಂಡಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಬಂಡೆ ಒಡೆಯುವವರು ನಮ್ಮ ಸೀಮೆಯವರು. ಒಡೆದ ಜಾಗದಲ್ಲಿ ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡು ತಂಪಾಗಿ ಕೂಡುವ ಹುಡುಗರಲ್ಲೂ ಕೆಲವರು ನಮ್ಮ ಸೀಮೆಯವರೇ. ಅಂಥ ಒಬ್ಬ ಹುಡುಗನಿಗೂ ನೌಕರಿಯಲ್ಲಿದ್ದ ನನ್ನ ಮಗಳಿಗೂ ಸಂಬಂಧ ಕುದುರಿತ್ತು. ಇಬ್ಬರಿಗೂ ಮನಸ್ಸಿತ್ತು, ಜಾತಕವೂ ಕೂಡಿತ್ತು. ಲಗ್ನಕ್ಕೆ ಅಡ್ಡಿಯಾಗಿದ್ದದ್ದು ಒಂದೇ ಒಂದು ಮೀನು.

ಮೂರು ಸಾಗರದ ಊರು

ನಮ್ಮದು ಭೀಮಾ ನದಿಯ ದಂಡೆಯ ಅಂಬಿಗರ ಮನೆತನ. ಮಗಳು ಸಣ್ಣವಳಿದ್ದಾಗ ವಿಷಮಜ್ವರ ಬಂದು ಹಾಸಿಗೆ ಹಿಡಿದಳು. ಊರಿನಲ್ಲಿದ್ದ ನಮ್ಮ ಅವ್ವ ಗಂಗಮ್ಮನಿಗೆ ಹರಕೆ ಹೊತ್ತಳು. ಹುಡುಗಿ ಎದ್ದು ಕೂತರೆ, ಅವಳ ಲಗ್ನಕ್ಕೆ ಮುಂಚೆ ಅವಳ ಅಪ್ಪ ಒಬ್ಬನೇ ದೋಣಿ ಹಾಕಿಕೊಂಡು ಸಾಗರಕ್ಕೆ ಹೋಗಿ ಗಂಗಮ್ಮನಿಗೆ ಉಡಿ ತುಂಬುತ್ತಾನೆ, ತನ್ನ ಕೈಯಿಂದ ಮೀನು ಹಿಡಿದು ತಂದು ಮನೆಮಂದಿಗೂ ಬೀಗರಿಗೂ ಉಣ್ಣಿಸುತ್ತಾನೆ ಎಂದು. ಹುಡುಗಿ ಎದ್ದು ಕೂತಳು. ಹರಕೆ ಹೊರುವವರು ತಮ್ಮ ಮೈಯನ್ನು ಒಡ್ಡುವುದು ಲೋಕರೂಢಿ. ನಮ್ಮ ಅವ್ವ ನನ್ನದನ್ನು ಒಡ್ಡಿದಳು.

ಮನೆಯ ಮುಂದೆ ಹೊಳೆ ಇರುವಾಗ ಸಾಗರವೇ ಏಕೆ ಬೇಕಾಯಿತು ಎಂದು ಕೇಳಿದೆ. ತಪ್ಪು ನನ್ನದೇ ಎಂದು ತಿಳಿಯಿತು. ಊರಿಗೆ ಬರೆದ ಪತ್ರಗಳಲ್ಲಿ ನಾನು, ಈ ರವಿವಾರ ಹುಸೇನ್ ಸಾಗರ ನೋಡಿ ಬಂದೆವು, ಹೋದ ರವಿವಾರ ಉಸ್ಮಾನ್ ಸಾಗರ, ಬರುವ ರವಿವಾರ ಹಿಮಾಯತ್ ಸಾಗರ ಎಂದು ಬರೆದಿದ್ದೆ. ಮೂರು ಮೂರು ಸಾಗರ ಇರುವ ಊರಿನಲ್ಲಿ ಮಗ ಇದ್ದಾನೆ, ಸಿಟಿ ಬಸ್ಸಿನಲ್ಲಿ ಹೋಗಿ ಹರಕೆ ತೀರಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾನೆ ಎಂದು ಅವ್ವ ನನ್ನ ಮೇಲೆ ಕರುಣೆ ತೋರಿಸಿದ್ದಳು.

ಲಗ್ನದ ಮಾತು ಬಂದಾಗ ನಾನೂ ಆ ಕರುಣೆಯ ಲಾಭ ಪಡೆಯೋಣವೆಂದು, ಊರಿನಿಂದ ಬಂದಿದ್ದ ಅವ್ವನನ್ನು ಹುಸೇನ್ ಸಾಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬನೇ ಹೋಗುತ್ತೇನೆ ಎನ್ನುವವನಿಗೆ ಸಿಕ್ಕಿದ್ದು ಕಾಲಿನಿಂದ ತುಳಿಯುವ, ಹಂಸದ ಆಕಾರದ ದೋಣಿ. ಇಬ್ಬರು ತುಳಿಯಬೇಕಾದದ್ದನ್ನು ಒಬ್ಬನೇ ತುಳಿದದ್ದಕ್ಕೋ ಏನೋ, ಅದು ಒಂದು ಮಗ್ಗುಲಿಗೆ ವಾಲಿ ಗಾಣದಂತೆ ಸುತ್ತತೊಡಗಿತು. ತಲೆಮಾರುಗಟ್ಟಲೆ ಜನರನ್ನು ಭೀಮೆ ದಾಟಿಸಿದ ಮನೆತನದ ಕುಡಿ, ಹಂಸದ ಕುತ್ತಿಗೆ ಹಿಡಿದುಕೊಂಡು ಇದ್ದಲ್ಲೇ ಎಂಟು ಸುತ್ತು ಹೊಡೆಯಿತು. ದಂಡೆಯಲ್ಲಿ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನೀರಿಗೆ ಬೆರಳು ಅದ್ದಿದಳು. ಉಪ್ಪಿದೆಯೋ ಇಲ್ಲವೋ ಎಂದು ನಾಲಗೆಗೆ ಮುಟ್ಟಿಸಿ ನೋಡುವ ಧೈರ್ಯ ಅವಳಿಗೂ ಬರಲಿಲ್ಲ.

ನಾನು ಇಳಿದು ಬಂದ ಮೇಲೆ, "ತಮ್ಮಾ, ಇದಕ್ಕ ಸಾಗರ ಅಂತ ಹೆಸರಿಟ್ಟಾಂವ ಯಾರು?" ಎಂದಳು.

ಹಿಂದಿನ ಬಾದಶಹರ ಕಾಲದವರು ಎಂದೆ.

"ಅವರೂ ಸಮುದ್ರ ನೋಡಿದಂಗ ಕಾಣಂಗಿಲ್ಲ, ನಾನೂ ನೋಡಿಲ್ಲ. ಆದ್ರ ಗಂಗಮ್ಮ ನೋಡ್ಯಾಳ. ಖರೇ ಸಾಗರ ಎಲ್ಲೈತಿ, ಯಾರಿಗರೆ ಶ್ಯಾಣೇರಿಗೆ ಕೇಳು."

ರಜೆಯ ಅರ್ಜಿ

ಶ್ಯಾಣೇರು ಒಂದು ಹಗಲಿನ ಬಸ್ಸಿನ ದಾರಿ ಹೇಳಿದರು. ಸ್ಟೋರಿನಲ್ಲಿ ನನ್ನ ಪಕ್ಕದ ಮೇಜಿನವನು ಕರಾವಳಿಯ ಕಡೆಯ ತೆಲುಗರವನು. ಅವನ ಮಾವ ಒಬ್ಬ ಮುದುಕ, ಹಳ್ಳಿಯಲ್ಲಿ ಒಂದು ಸಣ್ಣ ದೋಣಿ ಇಟ್ಟುಕೊಂಡಿದ್ದ, ಕೇಳಿದರೆ ಕೊಡುತ್ತಿದ್ದ. ಉಳಿದದ್ದು ರಜೆ.

ಹಣೆಗೆ ವಿಭೂತಿ ಹಚ್ಚಿಕೊಂಡ ಕೈಯಿಂದ ಸುಳ್ಳು ಬರೆಯುವುದು ನನ್ನಿಂದಾಗುವುದಿಲ್ಲ. ಆದ್ದರಿಂದ 'ಸಮುದ್ರದಲ್ಲಿ ಒಬ್ಬನೇ ಮೀನು ಹಿಡಿಯುವ ಸಲುವಾಗಿ ಮೂರು ದಿನದ ರಜೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಮ್ಯಾನೇಜರ್ ಸಾಹೇಬರು ಕರೆಸಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಹಿಂದಿಯಲ್ಲಿ ಮೆಲ್ಲಗೆ ವಿಚಾರಿಸಿದರು. ಹರಕೆಯ ವಿಷಯ ಹೇಳಿದೆ. ಅವರು, ಈ ಕಾರ್ಖಾನೆಯಲ್ಲಿ ಒಬ್ಬೊಬ್ಬನ ನಾಲ್ಕು ನಾಲ್ಕು ಅಜ್ಜಿಯರು ತೀರಿಕೊಂಡಿದ್ದಾರೆ, ಎಲ್ಲರಿಗೂ ರಜೆ ಕೊಟ್ಟಿದ್ದೇನೆ, ಸುಳ್ಳಿಗಾಗಿ ಇಷ್ಟು ಶ್ರಮಪಟ್ಟವನನ್ನು ನೋಡಿದ್ದು ಇದೇ ಮೊದಲು ಎಂದು ಹೇಳಿ, ಮೂರರ ಬದಲು ನಾಲ್ಕು ದಿನ ಮಂಜೂರು ಮಾಡಿದರು.

ಮುಂದಿನ ತಿಂಗಳು ಪ್ಯಾಕಿಂಗ್ ವಿಭಾಗದ ಇಬ್ಬರು ನನ್ನ ಅರ್ಜಿಯನ್ನೇ ನಕಲು ಮಾಡಿ ಕೊಟ್ಟರು. ಸಾಹೇಬರು ಎರಡನ್ನೂ ತಿರಸ್ಕರಿಸಿ ಷರಾ ಬರೆದರು: 'ಇವರಿಗೆ ಇನ್ನೂ ಅಜ್ಜಿಯರು ಬಾಕಿ ಇದ್ದಾರೆ.'

ಬಾಗಿಲು ಹಾಕಿದವರು ಯಾರು

ಮೊದಲ ಸಲ ಸಮುದ್ರ ನೋಡಿ ಕೈಮುಗಿದೆ. ಮುದುಕ ದೋಣಿ ತೋರಿಸಿ, ಗಾಳ ಕೊಟ್ಟು, ಈಜು ಬರುತ್ತದೆಯೇ ಎಂದು ಕೇಳಿದ. ನಾವು ಅಂಬಿಗರು, ಹರಗೋಲಿನಲ್ಲಿ ಹುಟ್ಟಿದವರು ಎಂದು ಗತ್ತಿನಿಂದ ಹೇಳಿದೆ. ಅವನು ಹುಟ್ಟನ್ನು ಎರಡೂ ಕೈಯಿಂದ ಎತ್ತಿ ನನ್ನ ಕೈಗಿಟ್ಟ. ಈಗ ನೆನೆದರೆ ಅದು ಗೌರವದಿಂದ ಕೊಟ್ಟದ್ದು ಅನ್ನಿಸುವುದಿಲ್ಲ.

ಸಮುದ್ರಕ್ಕೆ ಸೇರುವ ಒಂದು ಕಾಲುವೆಯ ಬಾಯಿಯಲ್ಲಿ ದೋಣಿ ಬಿಟ್ಟೆ. ಹೊರಡುವ ಮೊದಲು ಸ್ವಲ್ಪ ಜಪ ಮಾಡೋಣವೆಂದು ದೋಣಿಯಲ್ಲೇ ಪದ್ಮಾಸನ ಹಾಕಿ ಕಣ್ಣು ಮುಚ್ಚಿದೆ. ನೂರೆಂಟರ ಜಪ. ನಡುವೆ ಎಲ್ಲೋ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಮಾಡಿದೆ. ಕಣ್ಣು ತೆರೆದರೆ ನೀರಿಲ್ಲ. ದೋಣಿ ಕೆಸರಿನ ಮೇಲೆ ಕೂತಿದೆ, ನಾನು ದೋಣಿಯ ಮೇಲೆ ಕೂತಿದ್ದೇನೆ, ಸುತ್ತಲೂ ಏಡಿಗಳು ನನ್ನನ್ನು ನೋಡುತ್ತಿವೆ.

ಹೊಳೆಯ ದಂಡೆಯಲ್ಲಿ ಬೆಳೆದವನಿಗೆ ನೀರು ಇದ್ದಕ್ಕಿದ್ದಂತೆ ಹೋಯಿತೆಂದರೆ ಒಂದೇ ಅರ್ಥ. ಮೇಲಿನ ಡ್ಯಾಮಿನವರು ಬಾಗಿಲು ಹಾಕಿದ್ದಾರೆ. ನಮ್ಮಲ್ಲಿ ಹಾಗಾದರೆ ನಾಲ್ಕು ಜನ ಕೂಡಿ ತಹಶೀಲ್ದಾರರ ಕಚೇರಿಗೆ ಹೋಗುತ್ತೇವೆ. ನಾನು ದೋಣಿಯಲ್ಲಿ ಎದ್ದು ನಿಂತು, ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕನಿಗೆ ನನ್ನ ಹರಕು ತೆಲುಗಿನಲ್ಲಿ ಕೂಗಿ ಕೇಳಿದೆ. ಬಾಗಿಲು ಹಾಕಿದವರು ಯಾರು, ಇಲ್ಲಿನ ಇಂಜಿನಿಯರ್ ಎಲ್ಲಿ ಸಿಗುತ್ತಾನೆ?

ಮುದುಕ ಸೂಜಿ ಕೆಳಗಿಟ್ಟು, ಆಕಾಶದ ಕಡೆ ಬೆರಳು ತೋರಿಸಿ ಹೇಳಿದ: "ಏಮಯ್ಯಾ, ಆ ಇಂಜಿನಿಯರಿಗೆ ಚಂದ್ರ ಅಂತಾರೆ. ಸಂಜೆ ಡ್ಯೂಟಿಗೆ ಬರ್ತಾನೆ. ಅಲ್ಲಿತನಕ ಇನ್ನೊಂದು ಜಪ ಮಾಡು."

ಮಾಡಿದೆ. ಬೇರೆ ಕೆಲಸವೇನಿತ್ತು.

ಪ್ರಾಮಾಣಿಕರ ಹಳ್ಳಿ

ಮರುದಿನ, ಎರಡನೆಯ ಸಲ, ನೀರು ಏರುವ ಇಳಿಯುವ ವೇಳೆ ಕೇಳಿಕೊಂಡೇ ಹೊರಟೆ. ಉಡಿಗೆ ಹಸಿರು ಕುಪ್ಪಸದ ಬಟ್ಟೆ, ಅರಿಷಿಣ ಕುಂಕುಮ, ಐದು ಉತ್ತತ್ತಿ, ಒಂದು ತೆಂಗಿನಕಾಯಿ. ಅಲೆ ದಾಟುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಗಂಗಮ್ಮನಿಗೆ ಮುಂಗಡವಾಗಿ ಸಂದಿತು. ಬಾಯಿ ತೊಳೆದುಕೊಂಡು, ಕ್ಷಮೆ ಕೇಳಿ, ಬಟ್ಟೆಯಲ್ಲಿ ಎಲ್ಲವನ್ನೂ ಗಂಟು ಕಟ್ಟಿ ಭಕ್ತಿಯಿಂದ ನೀರಿಗೆ ಬಿಟ್ಟೆ. ಉಡಿಯ ಕೆಲಸವಾದರೂ ಮುಗಿಯಿತು ಎಂದು ಹಗುರಾಗಿ ಗಾಳ ಹಾಕಿ ಕೂತೆ. ಮಧ್ಯಾಹ್ನದವರೆಗೂ ಏನೂ ಸಿಗಲಿಲ್ಲ.

ದಂಡೆಗೆ ಬಂದರೆ ಒಬ್ಬ ಬೆಸ್ತರ ಹುಡುಗಿ ಓಡಿ ಬಂದು ನನ್ನ ಗಂಟನ್ನು ನನ್ನ ಕೈಗೇ ಕೊಟ್ಟಳು. ಅಲೆಯಲ್ಲಿ ತೇಲಿ ಬಂದಿತ್ತಂತೆ, ಒಂದು ಉತ್ತತ್ತಿಯೂ ಕಡಿಮೆಯಾಗಿಲ್ಲ ಎಂದು ಎಣಿಸಿ ತೋರಿಸಿದಳು. ಮತ್ತೆ ಹೋಗಿ ಇನ್ನೂ ದೂರದಲ್ಲಿ ಬಿಟ್ಟೆ. ಈ ಸಲ ಬಲೆಗೆ ಹೋಗಿದ್ದ ದೋಣಿಯವರು ಅದನ್ನು ಎತ್ತಿಕೊಂಡು, ಪಾಪ ಪರಊರಿನವನ ಸಾಮಾನು ಎಂದು ನನ್ನನ್ನು ಹುಡುಕಿಕೊಂಡು ಬಂದರು. ಮೂರನೆಯ ಸಲ ಗಂಟಿಗೆ ಕಲ್ಲು ಕಟ್ಟಿದೆ. ಆಗ ಮುದುಕ, ಸಾಮಾನಿಗೆ ಕಲ್ಲು ಕಟ್ಟಿ ಮುಳುಗಿಸುವವನು ಏನು ಬಚ್ಚಿಡುತ್ತಿದ್ದಾನೆ ಎಂದು ಊರವರು ಕೇಳುತ್ತಿದ್ದಾರೆ, ಅವರಿಗೆ ಏನು ಹೇಳಲಿ ಎಂದ. ಕೊನೆಗೆ ಊರಿನವರನ್ನೆಲ್ಲ ದಂಡೆಯಲ್ಲಿ ಕೂಡಿಸಿ, ಇದು ದೇವಿಯ ಉಡಿ, ದಯವಿಟ್ಟು ಯಾರೂ ತಂದುಕೊಡಬೇಡಿ ಎಂದು ಬೇಡಿಕೊಂಡ ಮೇಲೆ ಉಡಿ ಮುಳುಗಿತು.

ಪ್ರಾಮಾಣಿಕರು ಇರುವ ಊರಿನಲ್ಲಿ ಹರಕೆ ತೀರಿಸುವುದು ಬಹಳ ಕಷ್ಟ. ಹೈದರಾಬಾದಿನ ಬಸ್ಸಿನಲ್ಲಿ ಬಿಟ್ಟಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಕೊಂಡಾಪುರದ ಉಪಾಯ

ಎರಡು ಸಲವೂ ಬರಿಗೈಯಲ್ಲಿ ಬಂದದ್ದು ತಿಳಿದು ಬೀಗರು, ಹುಡುಗನ ತಂದೆ, ಮನೆಗೆ ಬಂದರು. ಅವರೂ ಮೂಲದಲ್ಲಿ ಅಂಬಿಗರೇ. ಆದರೆ ಮಗ ಕೊಂಡಾಪುರದಲ್ಲಿ ಕಂಪ್ಯೂಟರಿನ ಮುಂದೆ ಕೂತ ದಿನದಿಂದ ಅವರಿಗೆ ಹೊಳೆ ಎಂದರೆ ಟಿ.ವಿ.ಯಲ್ಲಿ ನೋಡುವ ವಸ್ತುವಾಗಿತ್ತು. ಜ್ಯೇಷ್ಠದಲ್ಲಿ ಮಗನ ಆಫೀಸಿನಲ್ಲಿ ರಿಲೀಸ್ ಇದೆ, ಅಷ್ಟರೊಳಗೆ ಲಗ್ನವಾಗದಿದ್ದರೆ ಆಮೇಲೆ ವರ್ಷವಿಡೀ ರಜೆ ಇಲ್ಲ ಎಂದರು. ಅವ್ವ ಕನಿಕರದಿಂದ, ರಿಲೀಸ್ ಆಗುವವರು ಎಷ್ಟು ವರ್ಷದಿಂದ ಒಳಗಿದ್ದಾರೆ ಎಂದು ಕೇಳಿದಳು. ಬೀಗರು ಅದು ಸಾಫ್ಟ್‌ವೇರ್ ಹೊರಬಿಡುವುದು, ಜೈಲಲ್ಲ ಎಂದು ವಿವರಿಸಲು ಹೋಗಿ, ಬೆಳಗಿನಿಂದ ರಾತ್ರಿಯತನಕ ಹುಡುಗರನ್ನು ಒಳಗೆ ಕೂಡಿಸುವ ರೀತಿಯನ್ನೆಲ್ಲ ಹೇಳಿದರು. ಅವ್ವನಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹೊರಡುವಾಗ ಬೀಗರು ಚಪ್ಪಲಿ ಮೆಟ್ಟುತ್ತಾ, ಕೊಂಡಾಪುರದಲ್ಲೇ ಸ್ವಂತ ಫ್ಲ್ಯಾಟ್ ಇರುವ ಒಂದು ಹುಡುಗಿಯ ಕಡೆಯವರು ಕೇಳುತ್ತಿದ್ದಾರೆ ಎಂದು ಗೋಡೆಗೆ ಹೇಳಿದಂತೆ ಹೇಳಿದರು. "ಯುಗಾದಿ ತನಕ ಕಾಯ್ತೀವ್ರಿ ಬೀಗರ. ಆಮ್ಯಾಲ ನಿಮ್ಮ ಮೀನು ನಿಮಗ, ನಮ್ಮ ಹುಡುಗ ನಮಗ."

ಆ ದಿನ ಮಗಳು ಊಟಕ್ಕೆ ಏಳಲಿಲ್ಲ.

ಮುಂದಿನ ರವಿವಾರ ಹುಡುಗ ಒಬ್ಬನೇ ಬಂದ. ಒಳ್ಳೆಯ ಹುಡುಗ, ಕಳವಳ ಅವನಿಗೂ ಇತ್ತು. ಒಂದು ಉಪಾಯ ತಂದಿದ್ದ. "ಮಾವಾರ, ನಮ್ಮ ಆಫೀಸಿನ್ಯಾಗ ಎಲ್ಲಾ ಕೆಲಸ ನಾವ ಮಾಡಂಗಿಲ್ರಿ. ಔಟ್‌ಸೋರ್ಸ್ ಅಂತ ಬ್ಯಾರೆದವರಿಗೆ ಕೊಡ್ತೀವಿ. ಅವರು ಮಾಡ್ತಾರ, ಹೆಸರು ನಮ್ಮದು. ಆ ಮುದುಕಗ ಹೇಳಿ ಮೀನು ಹಿಡಿಸಿಬಿಡ್ರಿ."

ನನಗೆ ಮಾತು ಬಹಳ ಹಿಡಿಸಿತು. ಒಳಗೆ ಹೋಗಿ ಅವ್ವನಿಗೆ ಬಿಡಿಸಿ ಹೇಳಿದೆ. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದಳು: "ಹಂಗಾರ ತಾಳಿನೂ ಬ್ಯಾರೆದವರ ಕೈಲೇ ಕಟ್ಟಸ್ತಾನೇನು, ಕೇಳ್ಕೊಂಡು ಬಾ."

ಹುಡುಗ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಗೇಣುದ್ದದ ಮೀನು

ಯುಗಾದಿಗೆ ಎಂಟು ದಿನ ಉಳಿದಾಗ ಮತ್ತೆ ರಜೆ ಹಾಕಿ ಮೂರನೆಯ ಸಲ ಹೋದೆ. ಬೆಳಗಿನಿಂದ ಒಬ್ಬನೇ ದೋಣಿಯಲ್ಲಿ ಕೂತು, ಗಾಳವನ್ನು ನೋಡುತ್ತಾ, ಮಗಳು ಊಟ ಬಿಟ್ಟ ದಿನವನ್ನು ನೆನೆಯುತ್ತಾ, ಗಂಗಮ್ಮನ ಹತ್ತಿರ ಮೊದಲು ಬೇಡಿಕೊಂಡೆ, ಆಮೇಲೆ ವಾದ ಮಾಡಿದೆ. ಬಿಸಿಲು ಇಳಿಯುವ ಹೊತ್ತಿಗೆ ದಾರ ಜಗ್ಗಿತು. ಎರಡೂ ಕೈಯಿಂದ ಎಳೆದೆ. ಬಂದದ್ದು ನನ್ನ ಗೇಣಿಗಿಂತ ಎರಡು ಬೆರಳು ಕಡಿಮೆ ಇದ್ದ ಒಂದು ಮೀನು. ಕಣ್ಣಿಗೆ ಒತ್ತಿಕೊಂಡೆ. ದಂಡೆಯಲ್ಲಿ ಮುದುಕ ಅದನ್ನು ತಿರುಗಿಸಿ ನೋಡಿ, ಇದನ್ನು ಶಾಲೆ ಬಿಡಿಸಿ ಕರೆತಂದಿದ್ದೀಯಾ ಎಂದ.

ಊಟದ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ ಮನೆಗೆ ತಂದೆ. ಹರಕೆಯಂತೆ ಬೀಗರನ್ನು ಊಟಕ್ಕೆ ಕರೆದೆವು. ಏಳು ಜನ ಬಂದರು. ಅವ್ವ ಧೈರ್ಯಗೆಡಲಿಲ್ಲ. ದೊಡ್ಡ ಪಾತ್ರೆಯಲ್ಲಿ ಹುಣಸೆಹುಳಿ ಹಿಂಡಿ, ಖಾರ ಹಾಕಿ, ಒಂದು ಬಾವಿಯಷ್ಟು ಸಾರು ಮಾಡಿ, ಆ ಒಂದು ಮೀನನ್ನು ಅದರಲ್ಲಿ ಬಿಟ್ಟಳು. ಸಮುದ್ರದಲ್ಲಿ ಇದ್ದುದಕ್ಕಿಂತ ಆರಾಮವಾಗಿ ಅದು ಅದರಲ್ಲಿ ಇದ್ದಿರಬೇಕು. ಎಲ್ಲರಿಗೂ ಸಾರು ಬಡಿಸಿದಳು. ಮೀನು ಯಾರ ಪಾಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಎರಡು ತುತ್ತು ಉಂಡ ಮೇಲೆ ಬೀಗರು ಮಾತು ತೆಗೆದರು. ಮೀನು ಬಂತು, ಸಂತೋಷ. ಆದರೆ ಮನೆಯಲ್ಲಿ ಇನ್ನೊಮ್ಮೆ ಕೂತು ವಿಚಾರ ಮಾಡಿದ್ದಾರೆ, ಆ ಫ್ಲ್ಯಾಟಿನ ಹುಡುಗಿಯ ತಂದೆಯೂ ಬಂದು ಹೋಗಿದ್ದಾರೆ. ಹುಡುಗ ತಲೆ ತಗ್ಗಿಸಿದ. ಅಡಿಗೆಮನೆಯ ಬಾಗಿಲಲ್ಲಿ ಮಗಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅದಕ್ಕ ಬೀಗರ, ಈ ಲಗ್ನ ಮಾತ್ರ..." ಎಂದು ಬೀಗರು ನಿಂತರು. ಮುಂದಿನ ಮಾತು ಬರಲಿಲ್ಲ. ಕಣ್ಣು ದೊಡ್ಡವಾದವು, ಕೈ ಗಂಟಲಿಗೆ ಹೋಯಿತು. ಮೀನು ಯಾರ ಪಾಲಿಗೆ ಹೋಗಿತ್ತೆಂದು ಎಲ್ಲರಿಗೂ ತಿಳಿಯಿತು.

ಗಂಟಲಲ್ಲಿ ಮುಳ್ಳು ಸಿಕ್ಕರೆ ಅನ್ನದ ಉಂಡೆ ನುಂಗಿಸಬೇಕು. ಅವ್ವ ನಿಧಾನವಾಗಿ ಅನ್ನ ಕಲಸಿ ಉಂಡೆ ಮಾಡಿದಳು. ಮಾಡಿ, ಅದನ್ನು ಕೈಯಲ್ಲೇ ಹಿಡಿದುಕೊಂಡಳು.

"ಲಗ್ನ ವೈಶಾಖದಾಗ ಇಟ್ಕೊಳ್ಳೋಣೇನ್ರಿ?"

ಬೀಗರು ಉಂಡೆಯ ಕಡೆ ಕೈ ಚಾಚಿ, ಕೆಮ್ಮುತ್ತಾ ತಲೆಯಾಡಿಸಿದರು.

"ಹುಡುಗನ ರಜಾ?"

ಮತ್ತೂ ಜೋರಾಗಿ ಆಡಿಸಿದರು.

ಬಾಗಿಲಿನಿಂದ ಮಗಳು, "ಅಜ್ಜಿ, ನನ್ನ ನೌಕರಿ ಬಿಡಸಂಗಿಲ್ಲ ಅಂತನೂ ಈಗ ಕೇಳಿಬಿಡು" ಎಂದಳು. ಅದಕ್ಕೂ ಒಪ್ಪಿಗೆ ಬಂತು. ಆಮೇಲೆ ಉಂಡೆ ಹೋಯಿತು, ಮುಳ್ಳು ಇಳಿಯಿತು, ವೈಶಾಖದಲ್ಲಿ ಲಗ್ನವಾಯಿತು.

ಬೀಗರು ಇಂದಿಗೂ ಮನೆಗೆ ಬಂದಾಗಲೆಲ್ಲ, ತಾವು ಹೂಂ ಅಂದಿರಲೇ ಇಲ್ಲ, ಬರೇ ಕೆಮ್ಮಿದ್ದು ಎಂದು ತಕರಾರು ತೆಗೆಯುತ್ತಾರೆ. ಅವ್ವ ಅವರ ಮುಂದೆ ನೀರಿನ ತಂಬಿಗೆ ಇಟ್ಟು ಶಾಂತವಾಗಿ ಹೇಳುತ್ತಾಳೆ: "ಸಂಶೇ ಇದ್ರ ನನ್ನ ಮಗನ ಕೈಲೇ ಇನ್ನೊಂದು ಮೀನು ತರಸ್ತೀನ್ರಿ. ಮತ್ತೊಮ್ಮೆ ಕೇಳೂಣು."

ಬೀಗರು ಏನನ್ನುತ್ತಾರೋ ಎಂದು ನಾನು ಕಾಯುವುದಿಲ್ಲ. ಅವರು ಹೂಂ ಅಂದದ್ದನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ ಎಂದು ಗಂಗಮ್ಮನ ಮೇಲೆ ಆಣೆ ಮಾಡಿಬಿಡುತ್ತೇನೆ.